ಕತ್ತರಿಸಿದ ಮೂಗಿನ ಪುನಾರಚನೆ: 1794ರ ಒಂದು ವರದಿಯ ಪರಿಶೀಲನೆ

ಭಾರತದ ಶಸ್ತ್ರವೈದ್ಯದ ಚರಿತ್ರೆಯನ್ನು ಬರೆಯುವವರು ಸುಶ್ರುತಸಂಹಿತೆಯಿಂದ ಆರಂಭಿಸಿ, ಒಮ್ಮೆಲೇ ಹತ್ತೊಂಬತ್ತನೆಯ ಶತಮಾನದ ಯೂರೋಪಿಗೆ ಬರುವುದು ವಾಡಿಕೆಯಾಗಿದೆ. ಕತ್ತರಿಸಿದ ಮೂಗನ್ನು ಮತ್ತೆ ರೂಪಿಸುವ ವಿದ್ಯೆಯು ಆ ಗ್ರಂಥದಿಂದ ನೇರವಾಗಿ ಲಂಡನ್ನಿಗೆ ಹೋಯಿತೆಂಬ ಭಾವನೆ ಇದರಿಂದ ಬೆಳೆದಿದೆ. ಆಧಾರಗಳು ಬೇರೊಂದು ಹಾದಿಯನ್ನು ತೋರಿಸುತ್ತವೆ. ಅವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಮುಖ್ಯವಾಗಿ ಕಿವಿ ಚುಚ್ಚುವ ಕ್ರಮವನ್ನೂ, ಹರಿದ ಕಿವಿಯ ಹಾಲೆಯನ್ನು ಕೂಡಿಸುವ ಹದಿನೈದು ಬಗೆಗಳನ್ನೂ ಹೇಳುತ್ತದೆ. ಅದರ ಕೊನೆಯಲ್ಲಿ ಮೂಗಿನ ವಿಷಯ ಬರುತ್ತದೆ. ಮೂಗಿನ ಅಳತೆಗೆ ಸರಿಯಾದ ಎಲೆಯೊಂದನ್ನು ಆಯ್ದು, ಆ ಪ್ರಮಾಣದಲ್ಲಿ ಕೆನ್ನೆಯಿಂದ ಚರ್ಮವನ್ನು ಬಿಡಿಸಿ ಮೂಗಿಗೆ ಕೂಡಿಸಬೇಕು. ಉಸಿರಾಟಕ್ಕೆ ಎರಡು ನಳಿಕೆಗಳನ್ನು ಇಡಬೇಕು. ಇಲ್ಲಿ ಉಕ್ತವಾಗಿರುವುದು ಕೆನ್ನೆಯ ಚರ್ಮವೆಂಬುದು ಗಮನಾರ್ಹ.

ಎರಡನೆಯ ಆಧಾರವು ನಮ್ಮ ನಾಡಿನ ಯುದ್ಧವೊಂದಕ್ಕೆ ಸಂಬಂಧಿಸಿದೆ. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ‘ಬಿ. ಎಲ್.’ ಎಂಬ ಅಂಕಿತದ ಪತ್ರವೊಂದು ಪ್ರಕಟವಾಯಿತು. ಅದರ ಪ್ರಕಾರ, ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠನು 1792ರಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೀರಿ ಹಾಗೆಯೇ ಇದ್ದು, ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹೊಸ ಮೂಗನ್ನು ಪಡೆದನು. ಮುಂಬಯಿ ಪ್ರಾಂತದ ಕ್ರೂಸೋ ಮತ್ತು ಫಿಂಡ್ಲೆ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಕಣ್ಣಾರೆ ಕಂಡರು.

ವರದಿಯಲ್ಲಿನ ಕ್ರಮ ಹೀಗಿದೆ. ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವರು. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವೆ ಮಾತ್ರ ಒಂದು ಕಿರುಪಟ್ಟಿಯನ್ನು ಉಳಿಸುವರು. ರಕ್ತಸಂಚಾರವು ಅದರ ಮೂಲಕ ನಡೆಯುತ್ತದೆ. ಚರ್ಮವನ್ನು ತಿರುಚಿ ಕೆಳಗಿಳಿಸಿ, ಮೂಗಿನ ಸುತ್ತ ಮಾಡಿದ ಗಾಯದೊಳಗೆ ಅದರ ಅಂಚನ್ನು ಸೇರಿಸಿ, ಕಾಚು ಬಳಿದ ಬಟ್ಟೆಯನ್ನು ಕಟ್ಟುವರು. ನಾಲ್ಕು ದಿನಗಳ ಮೇಲೆ ತುಪ್ಪದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ಪಟ್ಟಿಯನ್ನು ಕತ್ತರಿಸುವರು.

ಹಣೆಯ ಚರ್ಮವನ್ನು ಬಳಸುವ ಈ ಕ್ರಮವು ಸಂಹಿತೆಯಲ್ಲಿಲ್ಲ. ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ 1814ರ ಅಕ್ಟೋಬರ್ 23ರಂದು ನಡೆಸಿ, 1816ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆಯು ಹಣೆಯ ಚರ್ಮದ್ದೇ. ಸುಶ್ರುತಸಂಹಿತೆಯು ಕಲ್ಕತ್ತೆಯಲ್ಲಿ ಮೊದಲು ಅಚ್ಚಾದುದು 1835-36ರಲ್ಲಿ. ಆದುದರಿಂದ ಕಾರ್ಪ್ಯೂ ಅನುಸರಿಸಿದ್ದು ಗ್ರಂಥವನ್ನಲ್ಲ, ಪುಣೆಯ ಕುಶಲಕರ್ಮಿಗಳ ಕೈಗಳಲ್ಲಿ ಉಳಿದು ಬಂದ ಪದ್ಧತಿಯನ್ನು ಎಂದು ನಾವು ನಿರ್ಣಯಿಸಬೇಕಾಗುತ್ತದೆ.

ಇದರಿಂದ ಸುಶ್ರುತನ ಹಿರಿಮೆಗೆ ಕುಂದಿಲ್ಲ. ಆದರೆ ಒಬ್ಬರಿಗೆ ಸಲ್ಲಬೇಕಾದ ಗೌರವವನ್ನು ಮತ್ತೊಬ್ಬರಿಗೆ ಸಲ್ಲಿಸುವುದು ಇತಿಹಾಸಕಾರನ ಧರ್ಮವಲ್ಲ. ರೋಗಿಯ ಹೆಸರು, ನೋಡಿದ ವೈದ್ಯರ ಹೆಸರು, ಅವನ ಚಿತ್ರ ಬರೆದ ಜೇಮ್ಸ್ ವೇಲ್ಸನ ಹೆಸರು ಇವೆಲ್ಲ ಉಳಿದಿವೆ. ಚಿಕಿತ್ಸೆ ಮಾಡಿದವನನ್ನು ಮಾತ್ರ ವರದಿಯು ಜಾತಿಯಿಂದಷ್ಟೇ ಗುರುತಿಸಿದೆ. ವೈದ್ಯಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಗ್ರಂಥಗಳೊಡನೆ ಇಂತಹ ಕಸುಬುದಾರರ ಸಂಪ್ರದಾಯಗಳನ್ನೂ ಆಧಾರವಾಗಿ ಎಣಿಸಬೇಕೆಂದು ನಾವು ಸೂಚಿಸುತ್ತೇವೆ.