ಭೇದಿಯ ಎಣಿಕೆ

ಬೇನೆ ಬಂದ ಊರಿನಲ್ಲಿ ಸತ್ತವರನ್ನು ಎಣಿಸಬಹುದು. ಆದರೆ ಎಷ್ಟು ಜನರೊಳಗೆ ಅಷ್ಟು ಮಂದಿ ಎಂಬುದು ತಿಳಿಯದೆ ಆ ಎಣಿಕೆಯು ಏನನ್ನೂ ಹೇಳದು. ಇದನ್ನು ನಾವು 1854ರ ಲಂಡನ್ನಿನ ಕಾಲರಾದಿಂದ ಕಲಿಯಬಹುದು. ನಗರದ ದಕ್ಷಿಣದಲ್ಲಿ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪೆನಿಗಳು ನೀರೊದಗಿಸುತ್ತಿದ್ದುವು. ಲ್ಯಾಂಬೆತ್ ಕಂಪೆನಿಯು ಥೇಮ್ಸ್ ನದಿಯ ಮೇಲ್ಗಡೆಯ ನೀರನ್ನೂ, ಸದರ್ಕ್-ವಾಕ್ಸ್‌ಹಾಲ್ ಕಂಪೆನಿಯು ಪಟ್ಟಣದ ಕೊಳೆ ಬೆರೆತ ನೀರನ್ನೂ ಎತ್ತುತ್ತಿದ್ದುವು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗೆ ನೀರು ಯಾರದೆಂದು ವಿಚಾರಿಸಿ, ಮರಣಗಳನ್ನು ಆಯಾ ಕಂಪೆನಿಯ ಮನೆಗಳ ಸಂಖ್ಯೆಯೊಡನೆ ಹೋಲಿಸಿದನು. ಮೊದಲ ಏಳು ವಾರಗಳಲ್ಲಿ 10,000 ಮನೆಗಳಿಗೆ ಲ್ಯಾಂಬೆತ್ತಿನಲ್ಲಿ 37, ಇನ್ನೊಂದರಲ್ಲಿ 315 ಸಾವುಗಳಾಗಿದ್ದುವು. ಆದರೆ ಬದುಕಿಕೊಂಡ ರೋಗಿಗಳು ಮರಣದ ಪಟ್ಟಿಗೆ ಸೇರುವುದಿಲ್ಲ. ಆದುದರಿಂದಲೇ ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು, ಕಳೆದ ಎರಡು ವಾರಗಳಲ್ಲಿ ಎಳೆಯ ಮಗುವಿಗೆ ಭೇದಿಯಾಗಿತ್ತೆ ಎಂದು ತಾಯಂದಿರನ್ನೇ ಕೇಳುತ್ತಾರೆ. ಎಣಿಸದ ಬೇನೆಗೆ ಮದ್ದನ್ನು ಕಳುಹಿಸುವವರಾರು?