ನಳಿಗೆಯ ಟೊಳ್ಳು, ಕಾನೂನಿನ ಅಳತೆ

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಠಾಣೆಗಳ ಮುಂದೆ ಒಂದು ದೃಶ್ಯ ಕಾಣಸಿಗುತ್ತದೆ. ಹಳೆಯ ಧೋತರದಲ್ಲಿ ಸುತ್ತಿದ ಬಂದೂಕು ಹಿಡಿದು ರೈತರು ಬರುತ್ತಾರೆ. ಹವಾಲ್ದಾರರು ಪರವಾನಗಿ ಪುಸ್ತಕ ತೆರೆದು ಬಂದೂಕಿನ ನಂಬರು, ಬೋರು ಓದಿ, ಬರೆದುಕೊಂಡು ರಸೀದಿ ಕೊಡುತ್ತಾರೆ. ಅಂಥ ಒಂದು ದಿನ ಠಾಣೆಯ ಎದುರಿನ ಚಹಾದಂಗಡಿಯಲ್ಲಿ ತಂದೆಯ ಜೊತೆ ಕೂತಿದ್ದ ಹುಡುಗನೊಬ್ಬ ನಮ್ಮನ್ನು ಕೇಳಿದ: “ಕಾಕಾ, ಬಾರಾ ಬೋರ್ ಅಂದ್ರ ಒಮ್ಮೆಲೆ ಹನ್ನೆರಡ ಗುಂಡ ಹಿಡಿತಾವೇನ್ರಿ?” ತಂದೆ ನಕ್ಕರು. ನಮಗೆ ನಗು ಬರಲಿಲ್ಲ. ಉತ್ತರ ನಮಗೂ ಗೊತ್ತಿರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಗುಂಡಿನ ಲೆಕ್ಕವೇ. ಆದರೆ ಬಂದೂಕಿನಲ್ಲಿ ಹಿಡಿಯುವ ಗುಂಡಿನದಲ್ಲ, ಒಂದು ರತ್ತಲು ಸೀಸದಿಂದ ಎರಕ ಹೊಯ್ಯಬಹುದಾದ ಗುಂಡಿನದು. ಒಂದು ರತ್ತಲು, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಕರಗಿಸಿ 12 ಸಮ ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ 0.729 ಇಂಚು, ಸುಮಾರು 18.5 ಮಿಲಿಮೀಟರ್. ಆ ಗುಂಡು ಸರಿಯಾಗಿ ಕೂಡುವ ನಳಿಗೆಯೇ 12 ಬೋರು. ಅದೇ ಸೀಸದಲ್ಲಿ 16 ಗುಂಡು ಮಾಡಿದರೆ ಗುಂಡೂ ಸಣ್ಣದು, ನಳಿಗೆಯೂ ಕಿರಿದು. ಹೀಗಾಗಿ ಅಂಕಿ ಏರಿದಷ್ಟೂ ರಂಧ್ರ ಚಿಕ್ಕದಾಗುತ್ತದೆ.

ಇಲ್ಲಿ ನಮ್ಮ ಎರಡು ಭಾಷೆಗಳು ನೆನಪಾಗುತ್ತವೆ. ಅರಬಿಯಲ್ಲಿ ‘ಬುಂದುಕ್’ ಎಂದರೆ ಮೊದಲು ಒಂದು ಜಾತಿಯ ದುಂಡನೆಯ ಕಾಯಿ, ಬಳಿಕ ಗುಂಡು, ಕೊನೆಗೆ ಗುಂಡು ಹಾರಿಸುವ ಆಯುಧ. ಅದೇ ಉರ್ದುವಿನ, ಕನ್ನಡದ ಬಂದೂಕು. ಅಚ್ಚಗನ್ನಡದ ‘ಕೋವಿ’ಗೆ ಕೊಳವೆಯೆಂಬ ಅರ್ಥವೂ ಉಂಟು. ಒಂದು ಮಾತು ಗುಂಡನ್ನು ನೋಡಿ ಹುಟ್ಟಿತು, ಇನ್ನೊಂದು ಟೊಳ್ಳನ್ನು ನೋಡಿ. ಕಾನೂನಿಗೆ ಎರಡೂ ಬೇಕಾದವು.

ಟೊಳ್ಳನ್ನು ಅಳೆಯುವುದು ಕಂಡಷ್ಟು ಸುಲಭವಲ್ಲ. ಛರ್‍ರೆ ಹಾರಿಸುವ ಬಂದೂಕಿನ ನಳಿಗೆಯನ್ನು ತುದಿಯಲ್ಲಿ ತುಸು ಬಿಗಿಗೊಳಿಸಿರುತ್ತಾರೆ. ಬಾಯಿಗೆ ಅಳತೆಗೋಲು ಇಟ್ಟರೆ ತಪ್ಪು ಲೆಕ್ಕ ಬರುತ್ತದೆ. ಆದ್ದರಿಂದ ಬ್ರಿಟಿಷ್ ಪರೀಕ್ಷಾಗೃಹಗಳ ಪದ್ಧತಿಯಲ್ಲಿ ಹಿಂಬದಿಯಿಂದ 9 ಇಂಚು ಮುಂದಕ್ಕೆ, ನಳಿಗೆಯ ಒಳಗೆ ಅಳೆಯುತ್ತಿದ್ದರು. ರೈಫಲಿನ ಒಳಗೆ ಸುರುಳಿ ಗೆರೆಗಳಿರುತ್ತವೆ. ಗೆರೆಯ ದಿಣ್ಣೆಯಿಂದ ದಿಣ್ಣೆಗೆ ಒಂದು ಅಳತೆ, ತಗ್ಗಿನಿಂದ ತಗ್ಗಿಗೆ ಇನ್ನೊಂದು. ಪ್ರಸಿದ್ಧ ‘ಥ್ರೀ ನಾಟ್ ಥ್ರೀ’ಯ 0.303 ಇಂಚು ದಿಣ್ಣೆಗಳ ನಡುವಿನ ಅಳತೆ. ಅದರ ಗುಂಡು ಸುಮಾರು 0.311 ಇಂಚು.

ಈ ಅಂಕಿಗಳು ಕಾನೂನಿಗೆ ಬಂದದ್ದು ಹೇಗೆ? ರಾಯಬಾಗದಿಂದ ಪೂರ್ವಕ್ಕೆ ಹೋದರೆ ಮುಧೋಳ ಸೀಮೆ, ಅಲ್ಲಿ ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಇಂದಿಗೂ ಆ ಕಥೆ ಹಾಡುತ್ತಾರೆ. ಆಗ ಅಳತೆಯ ಪ್ರಶ್ನೆಯೇ ಇರಲಿಲ್ಲ, ಆಯುಧ ಯಾವುದಾದರೂ ಒಪ್ಪಿಸಬೇಕಿತ್ತು.

ಅಳತೆ ಬಂದದ್ದು ಆ ಬಂಡಾಯದ ನಂತರ. ಭಾರತೀಯ ಸಿಪಾಯಿಗಳಿಗೆ ಕೊಟ್ಟ ಎನ್‌ಫೀಲ್ಡ್ ಬಂದೂಕುಗಳ ನಳಿಗೆಯನ್ನು 0.577 ಇಂಚಿನಿಂದ ಸುಮಾರು 0.65 ಇಂಚಿಗೆ ಹಿಗ್ಗಿಸಿ, ಸುರುಳಿ ಗೆರೆಗಳಿಲ್ಲದಂತೆ ನುಣುಪಾಗಿಸಿದರು. ಗುರಿ ದೂರಕ್ಕೆ ತಾಗಬಾರದೆಂಬುದೇ ಉದ್ದೇಶ. 1878ರ ಆಯುಧ ಕಾಯ್ದೆ ನಮ್ಮವರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆ ಕಾಯ್ದೆ ಬ್ರಿಟಿಷರ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿಗಳಲ್ಲಿ ನಡೆಯುತ್ತಿತ್ತು. ಪಕ್ಕದ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಒಂದು ದಿನದ ಬಂಡಿ ದಾರಿಯಲ್ಲಿ ಸರಕಾರವೇ ಬದಲಾಗುತ್ತಿತ್ತು.

ಸ್ವತಂತ್ರ ಭಾರತದ 1959ರ ಕಾಯ್ದೆ ಜನಾಂಗ ನೋಡಲಿಲ್ಲ. ಆದರೆ ಅದರಡಿ ಬಂದ 1962ರ ನಿಯಮಗಳ ನಿಷೇಧಿತ ಪಟ್ಟಿಯಲ್ಲಿ ಹಳೆಯ ಭಯದ ಗುರುತು ಉಳಿಯಿತು: ಸೈನ್ಯದ, ಪೊಲೀಸರ ತೋಟಾ ನಾಗರಿಕನ ಬಂದೂಕಿಗೆ ಕೂಡಬಾರದು. 0.303 ಇಂಚು ಅಥವಾ 7.62 ಮಿಲಿಮೀಟರ್ ರೈಫಲ್‌ಗಳಷ್ಟೇ ಅಲ್ಲ, ಆ ತೋಟಾ ಸೇರಿ ಹಾರುವ ಬೇರೆ ಯಾವುದೇ ಬೋರಿನ ರೈಫಲೂ ನಿಷಿದ್ಧ. ಅದಕ್ಕೇ ಪಶ್ಚಿಮ ಬಂಗಾಳದ ಈಶಾಪುರದ ಸರಕಾರಿ ಕಾರ್ಖಾನೆ ನಾಗರಿಕರಿಗಾಗಿ 0.315 ಇಂಚಿನ ರೈಫಲ್ ತಯಾರಿಸಿತು. ಎರಡರ ನಡುವಿನ ಅಂತರ 0.3 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಲಗ್ನಪತ್ರಿಕೆಯ ದಪ್ಪ.

ಇನ್ನೂ ವಿಚಿತ್ರ 0.410ರದು. ಈ ಅಳತೆಯ ಸಾಮಾನ್ಯ ಬೇಟೆ ಬಂದೂಕೂ ಉಂಟು. ಪೊಲೀಸರಿಗೆಂದು ಸೈನ್ಯದ ರೈಫಲನ್ನು ಕೊರೆದು ಮಾಡಿದ 0.410 ಮಸ್ಕೆಟ್ಟೂ ಉಂಟು. ಅಂಕಿ ಒಂದೇ, ತೋಟಾ ಬೇರೆ. ಮಸ್ಕೆಟ್ಟಿನ ತೋಟಾ ಹಾರಿಸುವಂಥದ್ದಾದರೆ ಅದು ನಿಷೇಧಿತ. ಆದ್ದರಿಂದ ತಜ್ಞರು ರಂಧ್ರ ಅಳೆದು ಸುಮ್ಮನಾಗುವಂತಿಲ್ಲ. ಹಿಂಬದಿಯ ಕೋಣೆಗೆ ಯಾವ ತೋಟಾ ಕೂಡುತ್ತದೆ, ಕೂತದ್ದು ಹಾರುತ್ತದೆಯೇ ಎಂಬುದನ್ನೂ ನೋಡಬೇಕು. ಕೋವಿಯ ಪ್ರಶ್ನೆ ಕೊನೆಗೆ ಬಂದೂಕಿನ ಪ್ರಶ್ನೆಯಾಗುತ್ತದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ಸಾಮಾನ್ಯ ಬಂದೂಕಿಗೆ 2ರಿಂದ 5 ವರ್ಷ ಸೆರೆಮನೆ. ನಿಷೇಧಿತ ಆಯುಧಕ್ಕೆ 7ರಿಂದ 14 ವರ್ಷ. ಒಂದು ಲಗ್ನಪತ್ರಿಕೆಯ ದಪ್ಪದಲ್ಲಿ ಮನುಷ್ಯನ ಆಯುಷ್ಯದ ಎಷ್ಟೋ ವರ್ಷಗಳಿವೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಊರಿನ ಉರುಸಿನಲ್ಲಿ ಫುಗ್ಗಾ ಒಡೆಯುವ ಗಾಳಿ ಬಂದೂಕಿಗೂ ಅಳತೆ ತಪ್ಪಿದ್ದಲ್ಲ. 2016ರ ನಿಯಮಗಳ ಪ್ರಕಾರ ಬೋರು 4.5 ಮಿಲಿಮೀಟರ್, ಶಕ್ತಿ 20 ಜೂಲ್ ಮೀರಿದರೆ ಅದಕ್ಕೂ ಪರವಾನಗಿ ಬೇಕು.

ನಮ್ಮ ಹಳ್ಳಿಗಳಲ್ಲಿ ಅಜ್ಜನ ಕಾಲದ ಬಂದೂಕು ಅಟ್ಟದ ಮೇಲೆ ಹಾಗೇ ಇರುವ ಮನೆಗಳಿವೆ. ತಂದೆಯ ಹೊಲ ಮಗನಿಗೆ ಬರುವಂತೆ ತಂದೆಯ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ. ಅಂಥ ಬಂದೂಕನ್ನು ಠಾಣೆಗೆ ಒಪ್ಪಿಸಿ ಅರ್ಜಿ ಹಾಕುವುದೇ ಕ್ಷೇಮ. ಪುಸ್ತಕದಲ್ಲಿ ಬರೆದ ಬೋರು, ನಳಿಗೆಯ ಮೇಲೆ ಕೊರೆದ ಬೋರು ಒಂದೇ ಇದೆಯೇ ಎಂದು ಓದಿಸಿಕೊಳ್ಳುವುದೂ ಒಳ್ಳೆಯದು. ಗುಮಾಸ್ತರ ಕೈತಪ್ಪಿನಿಂದ ಬಿದ್ದ ಒಂದು ಅಂಕಿಗೆ ಉತ್ತರ ಕೊಡಬೇಕಾದವನು ರೈತನೇ.

ಆ ಹುಡುಗನಿಗೆ ಈಗ ಉತ್ತರ ಹೇಳಬಲ್ಲೆವು: ಹನ್ನೆರಡು ಗುಂಡು ಹಿಡಿಯುವುದಿಲ್ಲ ಮಗಾ, ಅದು ಸೀಸದ ತೂಕದ ಲೆಕ್ಕ. ಆದರೆ ಅದೇ ಲೆಕ್ಕದ ಹಿಂದೆ ಯಾರ ಕೈಯಲ್ಲಿ ಎಂಥ ಆಯುಧವಿರಬೇಕೆಂದು ಆಳುವವರು ಹಾಕಿದ ಇನ್ನೊಂದು ಲೆಕ್ಕವೂ ಇದೆ. ಅದನ್ನು ಕಲಿಯಲು ಹಲಗಲಿಯವರು ತೆತ್ತ ಬೆಲೆಯನ್ನು ಯಾವ ಅಳತೆಗೋಲೂ ಹೇಳಲಾರದು.