ದಾಖಲೆ ಫೋನ್‌ನಲ್ಲಿದೆ, ಆ ನಂಬರ್ ಚಾಲ್ತಿಯಲ್ಲಿದೆಯಾ? ಡಿಜಿಲಾಕರ್, ಜೆರಾಕ್ಸ್, ಪಿವಿಸಿ ಕಾರ್ಡ್: ಯಾವುದು ಎಲ್ಲಿ ಅಗ್ಗ, ಎಲ್ಲಿ ದುಬಾರಿ

ತಾಲ್ಲೂಕು ಕಚೇರಿ ಎದುರಿನ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಓಟಿಪಿ ಬಂತಾ?" ಬಂದವರ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬಾರದವರು "ಆ ನಂಬರ್ ಈಗಿಲ್ಲ, ಮಗ ಬೇರೆ ಸಿಮ್ ಹಾಕ್ಕೊಟ್ಟಿದ್ದಾನೆ" ಅಂತ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಫೋನ್‌ನಲ್ಲಿ ದಾಖಲೆ ಇಟ್ಟುಕೊಳ್ಳೋದಕ್ಕೆ ದುಡ್ಡಿಲ್ಲ ಅನ್ನುವ ಮಾತು ನಿಜವೇ. ಆದರೆ ಖರ್ಚು ಇರುವುದು ಆ್ಯಪ್‌ನಲ್ಲಲ್ಲ, ನಂಬರ್‌ನಲ್ಲಿ.

ಡಿಜಿಲಾಕರ್ 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ, ಪೂರ್ತಿ ಉಚಿತ. ಆಧಾರ್, ಡಿಎಲ್, ಗಾಡಿ ಆರ್‌ಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂತಾದವು ಇಲಾಖೆಯಿಂದ ನೇರವಾಗಿ ಅದಕ್ಕೆ ಬರುತ್ತವೆ. 2017ರಲ್ಲಿ ಆದ ನಿಯಮ ತಿದ್ದುಪಡಿ ಪ್ರಕಾರ ಹೀಗೆ ಬಂದ ದಾಖಲೆ ಮೂಲ ದಾಖಲೆಗೆ ಸಮ. ರಸ್ತೆಯಲ್ಲಿ ಪೊಲೀಸರು ತಡೆದರೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದ ಡಿಎಲ್, ಆರ್‌ಸಿ ಒಪ್ಪಬೇಕು ಅಂತ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ.

ಇಲ್ಲೇ ಬಹಳ ಜನ ಎಡವೋದು. ಗ್ಯಾಲರಿಯಲ್ಲಿರುವ ಡಿಎಲ್ ಫೋಟೋಗೆ ಈ ಮಾನ್ಯತೆ ಇಲ್ಲ. ಡಿಜಿಲಾಕರ್‌ಗೆ ನೀವೇ ಸ್ಕ್ಯಾನ್ ಮಾಡಿ ಹಾಕಿದ ಕಾಗದಕ್ಕೂ ಇಲ್ಲ. ಇಲಾಖೆ ಕೊಟ್ಟ ದಾಖಲೆಗಳ ಪಟ್ಟಿ ಬೇರೆ, ನೀವು ಅಪ್‌ಲೋಡ್ ಮಾಡಿದ್ದು ಬೇರೆ. ಎರಡೂ ಒಂದೇ ಆ್ಯಪ್‌ನಲ್ಲಿ ಕಾಣುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೇ. ನೆಟ್‌ವರ್ಕ್ ಸಿಗದ ಕಡೆ ಓಡಾಡುವವರು ಕಾರ್ಡನ್ನೂ ಜೇಬಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನಂಬರ್ ಸತ್ತರೆ ಏನಾಗುತ್ತದೆ?

ಇ-ಆಧಾರ್ ಇಳಿಸಿಕೊಳ್ಳೋದಕ್ಕೆ, ಡಿಜಿಲಾಕರ್‌ಗೆ ಆಧಾರ್ ಜೋಡಿಸೋದಕ್ಕೆ, ಎಲ್ಲದಕ್ಕೂ ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರ್‌ಗೆ. ಪ್ರೀಪೇಯ್ಡ್ ಸಿಮ್‌ನಲ್ಲಿ 90 ದಿನ ಕರೆ, ಮೆಸೇಜ್, ಡೇಟಾ ಯಾವುದೂ ನಡೆಯದಿದ್ದರೆ ಕಂಪನಿ ಆ ನಂಬರ್ ನಿಲ್ಲಿಸಬಹುದು. ಖಾತೆಯಲ್ಲಿ ₹20 ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಅಂತ ಟ್ರಾಯ್ ನಿಯಮವಿದೆ. ಎರಡನೇ ಸಿಮ್‌ಗೆ ರೀಚಾರ್ಜ್ ಯಾಕೆ ಅಂತ ಬಿಟ್ಟವರು ಈ ಇಪ್ಪತ್ತು ರೂಪಾಯಿ ಲೆಕ್ಕ ನೆನಪಿಟ್ಟುಕೊಳ್ಳಬೇಕು. ಒಮ್ಮೆ ಕಡಿತವಾದ ನಂಬರನ್ನು 90 ದಿನದವರೆಗೆ ಬೇರೆಯವರಿಗೆ ಕೊಡುವುದಿಲ್ಲ. ಆಮೇಲೆ ಕೊಡಬಹುದು. ಅಂದರೆ ನಿಮ್ಮ ಬ್ಯಾಂಕಿನ ಮೆಸೇಜ್ ಗುರುತೇ ಇಲ್ಲದವರ ಫೋನ್‌ಗೆ ಹೋಗುವ ದಿನ ಬರಬಹುದು.

ಹಳೇ ನಂಬರ್ ಕೈಬಿಟ್ಟು ಹೋಗಿದ್ದರೆ ಖಚಿತವಾದ ದಾರಿ ಆಧಾರ್ ಕೇಂದ್ರ. ಬೆರಳಚ್ಚು ಕೊಟ್ಟರೆ ಸಾಕು, ಮೊಬೈಲ್ ನಂಬರ್ ಬದಲಿಸಲು ಬೇರೆ ದಾಖಲೆ ಬೇಕಿಲ್ಲ. 2025ರ ಅಕ್ಟೋಬರ್‌ನಿಂದ ಶುಲ್ಕ ₹75. ಆದರೆ ಹಳ್ಳಿಯಿಂದ ಬಸ್ ಚಾರ್ಜು, ಸಾಲಲ್ಲಿ ನಿಂತ ಹೊತ್ತು, ಕಳೆದ ಒಂದು ದಿನದ ಕೂಲಿ ಸೇರಿಸಿದರೆ ₹75 ಅನ್ನುವುದು ಚಿಕ್ಕ ಬಾಬತ್ತು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ 2021ರಿಂದ ಪೋಸ್ಟ್‌ಮ್ಯಾನ್ ಮೂಲಕವೂ ಈ ಸೇವೆ ಶುರು ಮಾಡಿದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಯಾವ ನಂಬರ್ ಜೋಡಣೆಯಾಗಿದೆ ಅನ್ನುವುದೇ ಮರೆತಿದ್ದರೆ? ಮೈಆಧಾರ್ ವೆಬ್‌ಸೈಟ್‌ನಲ್ಲಿ ಆಧಾರ್ ಸಿಂಧುತ್ವ ಪರಿಶೀಲಿಸುವ ಜಾಗವಿದೆ. ಆಧಾರ್ ಸಂಖ್ಯೆ ಹಾಕಿದರೆ ಜೋಡಿಸಿದ ಮೊಬೈಲ್‌ನ ಕೊನೆಯ ಮೂರು ಅಂಕಿ ತೋರಿಸುತ್ತದೆ, ಓಟಿಪಿ ಕೇಳುವುದಿಲ್ಲ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಅಜ್ಜ, ಅಜ್ಜಿ, ಅಮ್ಮ ಎಲ್ಲರ ಆಧಾರ್‌ಗೂ ಮನೆಯ ಒಬ್ಬ ಹುಡುಗನ ನಂಬರ್. ಹುಡುಗ ಊರಲ್ಲಿರುವಷ್ಟು ದಿನ ಸಲೀಸು. ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಸೈಬರ್ ಅಂಗಡಿಯಲ್ಲಿ ನಿಂತು ಅವನಿಗೆ ಫೋನ್ ಮಾಡಬೇಕು, ಅವನು ಡ್ಯೂಟಿಯಲ್ಲಿರುತ್ತಾನೆ, ಫೋನ್ ಎತ್ತುವಷ್ಟರಲ್ಲಿ ಓಟಿಪಿ ಅವಧಿ ಮುಗಿದಿರುತ್ತದೆ.

ಅಂಗಡಿಯವರು ಗಮನಿಸಿ

ವ್ಯಾಪಾರಸ್ಥರ ಕಥೆ ಇದಕ್ಕಿಂತ ಗಂಭೀರ. ಉದ್ಯಮ್ ನೋಂದಣಿ, ಜಿಎಸ್‌ಟಿ ನೋಂದಣಿ ಮಾಡಿಸುವಾಗ "ಓಟಿಪಿ ತೊಂದರೆ ಯಾಕೆ" ಅಂತ ಮಾಡಿಕೊಡುವವರು ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿಬಿಡುವುದುಂಟು. ಪಾಸ್‌ವರ್ಡ್ ಬದಲಿಸಬೇಕೆಂದರೂ ಆಮೇಲೆ ಅವರನ್ನೇ ಹುಡುಕಿಕೊಂಡು ಹೋಗಬೇಕು. ನೋಟಿಸ್ ಬಂದರೆ ಮೊದಲು ಗೊತ್ತಾಗುವುದು ಅವರಿಗೆ, ನಿಮಗಲ್ಲ. ಎರಡೂ ನೋಂದಣಿಗೆ ಸರ್ಕಾರಿ ಶುಲ್ಕವೇ ಇಲ್ಲ. ಕೊಡುವ ದುಡ್ಡು ಭರ್ತಿ ಮಾಡಿಕೊಟ್ಟವರ ಕೂಲಿ. ಕೂಲಿ ಕೊಡುವುದರಲ್ಲಿ ತಪ್ಪಿಲ್ಲ. ನಂಬರ್ ಮಾತ್ರ ನಿಮ್ಮದೇ ಇರಲಿ.

ಜೆರಾಕ್ಸ್ ಅಂಗಡಿ ಇಟ್ಟವರಿಗೂ ಒಂದು ಮಾತು. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಆಧಾರ್, ಪಾಸ್‌ಬುಕ್ ಎಲ್ಲವೂ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಉಳಿಯುತ್ತವೆ. ಸಂಜೆ ಅಂಗಡಿ ಮುಚ್ಚುವ ಮುಂಚೆ ಅಳಿಸಿದರೆ ನಿಮಗೂ ನೆಮ್ಮದಿ, ಗಿರಾಕಿಗೂ ನೆಮ್ಮದಿ. ಕಳಿಸುವವರು ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಮಸುಕಾಗುವುದಿಲ್ಲ.

ಆಧಾರ್ ಪ್ರತಿ ಎಲ್ಲೆಂದರಲ್ಲಿ ಕೊಡಬೇಡಿ ಅಂತ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ ತಿಂಗಳಲ್ಲಿ ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದು ಅಂತ ಎರಡೇ ದಿನಕ್ಕೆ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋದರೂ ಅದರಲ್ಲಿ ಹೇಳಿದ್ದ ಮಾಸ್ಕ್ಡ್ ಆಧಾರ್ ಈಗಲೂ ಇದೆ: ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಲಾಡ್ಜ್‌ನಲ್ಲಿ ರೂಮು ಹಿಡಿಯುವಾಗ ಕೊಡಲು ಇಷ್ಟು ಸಾಕು. ಇ-ಆಧಾರ್ ಇಳಿಸುವಾಗಲೇ ಈ ಆಯ್ಕೆ ಸಿಗುತ್ತದೆ, ಖರ್ಚಿಲ್ಲ. ಫೈಲ್ ತೆರೆಯಲು ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ.

ಪ್ಲಾಸ್ಟಿಕ್ ಕಾರ್ಡ್ ಬೇಕೆನ್ನುವವರು ಪ್ರಾಧಿಕಾರದಿಂದಲೇ ತರಿಸಿಕೊಳ್ಳಬಹುದು. 2020ರಲ್ಲಿ ಶುರುವಾದಾಗ ಸ್ಪೀಡ್ ಪೋಸ್ಟ್ ಸೇರಿ ₹50 ಇತ್ತು. ಹೊರಗಡೆ ಮಾಡಿಸಿದ ಪ್ಲಾಸ್ಟಿಕ್ ಕಾರ್ಡ್ ಬಳಸಬೇಡಿ ಅಂತ ಪ್ರಾಧಿಕಾರವೇ 2022ರ ಜನವರಿಯಲ್ಲಿ ಹೇಳಿದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಈ ಕಾರ್ಡೇ ಅನುಕೂಲ, ದಿನಾ ಓಟಿಪಿ ಗೋಳಿಲ್ಲ.

ಇನ್ನು ಸಿಗ್ನಲ್ ಸರಿಯಿಲ್ಲ, ಪ್ಲಾನ್ ದುಬಾರಿ ಅಂತ ಕಂಪನಿ ಬದಲಿಸುವವರು ಹೊಸ ನಂಬರ್ ತೆಗೆದುಕೊಳ್ಳುವ ಬದಲು ಇರುವ ನಂಬರನ್ನೇ ಪೋರ್ಟ್ ಮಾಡಿಸಿ. ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಕೋಡ್ ಬರುತ್ತದೆ. ಸಿಮ್ ಬೇರೆಯವರ ಹೆಸರಲ್ಲಿದ್ದರೆ ಪೋರ್ಟ್ ಮಾಡಲಿಕ್ಕೂ, ಕಳೆದಾಗ ನಕಲಿ ಸಿಮ್ ತೆಗೆಯಲಿಕ್ಕೂ ಅವರೇ ಬರಬೇಕಾಗುತ್ತದೆ. ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಅಂತ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಬಹುದು. ಆಧಾರ್ ಕುರಿತ ವಿಚಾರಣೆಗೆ 1947, ಖಾತೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.